ಮೂರು ಖಾಲಿ ಚೌಕ

ಇದು ಇಬ್ಬರು ವಯಸ್ಸಾದವರ ನಡುವಿನ ವಿಷಯ. ಇದನ್ನು ನಾಲ್ಕು ಜನರಿಗೆ ಹೇಳಿ ಎಂದು ಅವರಿಬ್ಬರೂ ಕೇಳಿಕೊಂಡಿಲ್ಲ. ಮೂರನೆಯವರು ನಡುವೆ ಬಾಯಿ ಹಾಕುವುದು ಸರಿಯಲ್ಲವೆಂದು ಗೊತ್ತಿದ್ದೂ ಹೇಳುತ್ತಿರುವುದಕ್ಕೆ ಓದುವವರ ಕ್ಷಮೆ ಇರಲಿ. ಎಲ್ಲಾದರೂ ಹೆಚ್ಚುಕಡಿಮೆ ಹೇಳಿದ್ದರೆ ಅದು ಹೇಳಿದವರ ತಪ್ಪೇ ಹೊರತು ಆ ಇಬ್ಬರದ್ದಲ್ಲ.

ಕಾಟಿಪಳ್ಳದ ಗುಣಪಾಲರಿಗೆ ಅರವತ್ತೊಂಬತ್ತು ವರ್ಷ. ಬೈಕಂಪಾಡಿಯ ಒಂದು ಪೈಪು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಕೂತು ನಿವೃತ್ತರಾದವರು. ಯಾರು ಎಷ್ಟು ಗಂಟೆಗೆ ಗೇಟು ದಾಟಿದರು, ಯಾರು ದಾಟಲಿಲ್ಲ ಎಂದು ಹಾಜರಿ ಪುಸ್ತಕದಲ್ಲಿ ಬರೆದಿಡುವುದು ಅವರ ಕೆಲಸ. ಹೆಂಡತಿ ಕುಶಲಾ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ಮಗ ರಿತೇಶ್, ಸೊಸೆ ಮನ್ವಿತಾ ಇದ್ದರು, ಇಬ್ಬರೂ ಒಳ್ಳೆಯವರೇ. ಆದರೆ ಬೆಳಿಗ್ಗೆ ಎಂಟೂವರೆಗೆ ಎರಡು ಸ್ಕೂಟರುಗಳು ಅಂಗಳ ದಾಟಿದವೆಂದರೆ ಸಂಜೆ ಆರರವರೆಗೆ ಆ ಮನೆಯಲ್ಲಿ ಮಾತಿಲ್ಲ. ಒಂದು ರಜೆಯ ದಿನ ಮಾವ ಟಿವಿಯಲ್ಲಿ ವಾರ್ತೆ ಓದುವವಳಿಗೆ ಉತ್ತರ ಕೊಡುತ್ತಿರುವುದು ಮನ್ವಿತಾಳ ಕಿವಿಗೆ ಬಿತ್ತು. ಮರುವಾರ ಒಂದು ಫಿಸಿಯೋಥೆರಪಿ ಕಾಲೇಜಿನ ಅರ್ಜಿ ತಂದು ಟೀಪಾಯಿಯ ಮೇಲೆ ಇಟ್ಟಳು.

"ಇದು ವ್ಯಾಯಾಮದ್ದು ಮಾವ. ಫೋನಲ್ಲಿ ನಿಮಗೆ ಒಬ್ಬರು ಜೊತೆ ಸಿಗ್ತಾರೆ. ಅವರು ಅವರ ಮನೆಯಲ್ಲಿ, ನೀವು ನಿಮ್ಮ ಮನೆಯಲ್ಲಿ. ವಿಡಿಯೋ ಹಾಕಿಕೊಂಡು ಇಬ್ಬರೂ ಒಟ್ಟಿಗೆ ಮಾಡುದು."

"ಕೈಕಾಲು ಆಡಿಸ್ಲಿಕ್ಕೆ ಜೊತೆ ಎಂತಕ್ಕೆ? ನಾನೊಬ್ಬನೇ ಮಾಡಿದ್ರೆ ಸಾಕಲ್ಲ."

"ಒಬ್ಬರೇ ಆದ್ರೆ ನೀವು ಎರಡನೇ ದಿನ ಬಿಡ್ತೀರಿ. ಅದಕ್ಕೇ ಜೊತೆ."

ಕಾಲೇಜಿನ ಹಾಲ್‌ನಲ್ಲಿ ಒಂದು ದಿನ ತರಬೇತಿ ಇತ್ತು. ಹೇಳಿಕೊಟ್ಟವಳು ಜಾಯ್ಸ್ ಎಂಬ ಚಿಕ್ಕ ಪ್ರಾಯದ ಹುಡುಗಿ. ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಹತ್ತು ಗಂಟೆಗೆ ಅರ್ಧ ಗಂಟೆ. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆ ಒತ್ತುವುದು, ಹಿಮ್ಮಡಿ ಎತ್ತುವುದು, ಕೈಗಳನ್ನು ಭುಜದ ಮೇಲಕ್ಕೆ ತಂದು ಹಿಡಿಯುವುದು. ಪ್ರತಿ ಜೋಡಿಗೂ ಚೌಕ ಚೌಕವಾಗಿ ಗೆರೆ ಎಳೆದ ಒಂದು ಹಾಳೆ. ಮಾಡಿದ ದಿನ ಇಬ್ಬರ ಸಾಲಿನಲ್ಲೂ ಗುರುತು ಹಾಕಿ, ಶುಕ್ರವಾರ ಅದರ ಫೋಟೋ ತೆಗೆದು ಕಳಿಸಬೇಕು. ಜಾಯ್ಸ್ ಅದನ್ನು ಮನೆಯವರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾಳೆ. ಹಾಳೆ ಇಟ್ಟುಕೊಳ್ಳುವ ಕೆಲಸ ಗುಣಪಾಲರ ಪಾಲಿಗೆ ಬಂತು.

"ನಿಮಗೆ ಅನುಭವ ಉಂಟಲ್ಲ ಅಂಕಲ್," ಎಂದಳು ಜಾಯ್ಸ್. "ಒಂದು ವಿಷಯ ಮಾತ್ರ ನೆನಪಿರ್ಲಿ. ಒಬ್ಬರದ್ದು ಸತತ ಮೂರು ಚೌಕ ಖಾಲಿ ಉಳಿದ್ರೆ ಶುಕ್ರವಾರದವರೆಗೆ ಕಾಯ್ಬೇಡಿ. ಕೂಡಲೇ ನನಗೆ ತಿಳಿಸಿ."

ಏಕೆಂದು ಗುಣಪಾಲರು ಕೇಳಲಿಲ್ಲ. ಅವರಿಗೆ ಅದು ಗೊತ್ತಿದ್ದ ವಿಷಯ. ಕಾರ್ಖಾನೆಯಲ್ಲೂ ಹಾಗೆಯೇ ಇತ್ತಲ್ಲ. ಹೇಳದೆ ಕೇಳದೆ ಮೂರು ದಿನ ಬಾರದವನ ಹೆಸರಿನ ಮೇಲೆ ನಾಲ್ಕನೆಯ ಬೆಳಿಗ್ಗೆ ಕೆಂಪು ಗೆರೆ ಬೀಳುತ್ತಿತ್ತು, ಅವನ ಕೆಲಸ ಹೋಗುತ್ತಿತ್ತು. ಇಲ್ಲಿಯೂ ಸೇರಿಕೊಳ್ಳಲು ಇನ್ನೂ ಮೂವತ್ತು ಜನ ಕಾಯುತ್ತಿದ್ದಾರೆಂದು ಹುಡುಗಿ ಹೇಳಿದ್ದಳು. ಒಬ್ಬನ ಹೆಸರು ಹೋದರೆ ಇನ್ನೊಬ್ಬನದ್ದು ಬರುತ್ತದೆ, ಅಷ್ಟೇ ಎಂದುಕೊಂಡು ಹಾಳೆಯನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು.

ಜೊತೆಗಾರರ ತರಬೇತಿ ಬೇರೆ ದಿನ ಇತ್ತು, ಅವರ ಹೆಸರನ್ನು ಗುಣಪಾಲರು ಸರಿಯಾಗಿ ಓದಿದ್ದು ಬಸ್ಸಿನಲ್ಲಿ. ತುಕ್ರ, ವಾಮಂಜೂರು. ಹೆಸರಿನ ಕೆಳಗೆ ಜಾಯ್ಸ್ ಬರೆದಿದ್ದಳು: ಇಬ್ಬರೂ ಬೈಕಂಪಾಡಿಯಲ್ಲಿ ಕೆಲಸ ಮಾಡಿದವರು. ಗುಣಪಾಲರು ಹಾಳೆಯನ್ನು ಮತ್ತೆ ಮಡಚಿದರು. ಸುರತ್ಕಲ್ ಬರುವವರೆಗೂ ಕಿಟಕಿಯ ಹೊರಗೆ ನೋಡುತ್ತಾ ಕೂತರು.

ಮೂವತ್ತಾರು ವರ್ಷಗಳ ಹಿಂದೆ ಗುಣಪಾಲರು ಕೆಂಪು ಗೆರೆ ಎಳೆದ ಹೆಸರುಗಳಲ್ಲಿ ಅದೂ ಒಂದು. ಜುಲೈ ತಿಂಗಳು. ತುಕ್ರನ ಹೆಂಡತಿ ಕಿನ್ನಿ ಹೆರಿಗೆಯಲ್ಲಿ ಕಷ್ಟಕ್ಕೆ ಬಿದ್ದು ಆಸ್ಪತ್ರೆ ಸೇರಿದ್ದಳು. ಆಗ ಯಾರ ಮನೆಯಲ್ಲಿ ಫೋನಿತ್ತು? ತುಕ್ರ ಆ ಕಡೆಯಿಂದ ಕಾರ್ಖಾನೆಗೆ ಬರುವ ಲಾರಿಯ ಅಶ್ರಫನ ಹತ್ತಿರ ಹೇಳಿ ಕಳಿಸಿದ. ಅಶ್ರಫ್ ಮೊದಲನೆಯ ದಿನವೇ ಟೈಮ್ ಆಫೀಸಿನ ಕಿಟಕಿಗೆ ಬಂದು ಎಲ್ಲವನ್ನೂ ಹೇಳಿದ. "ಬಾಯಲ್ಲಿ ಹೇಳಿದ್ರೆ ಆಗುದಿಲ್ಲ, ರಜೆ ಚೀಟಿ ತರ್ಲಿಕ್ಕೆ ಹೇಳು" ಎಂದರು ಗುಣಪಾಲರು. ಸಂಜೆ ಕಾಲೇಜಿನಲ್ಲಿ ಓದಿ ಆ ಕುರ್ಚಿಗೆ ಬಂದವರು. ತಪ್ಪು ಬರೆದರೆ ಕುರ್ಚಿ ಹೋದೀತೆಂಬ ಹೆದರಿಕೆ ಅವರಿಗೆ ಯಾವಾಗಲೂ ಇತ್ತು. ಚೀಟಿ ಬರಲಿಲ್ಲ. ನಾಲ್ಕನೆಯ ಬೆಳಿಗ್ಗೆ ಗೆರೆ ಎಳೆದರು. ಖಾಯಂ ಆಗಲು ತುಕ್ರನಿಗೆ ಬರೀ ಎರಡು ತಿಂಗಳು ಉಳಿದಿತ್ತು. ಆಮೇಲೆ ಅವನು ಬಂದರಿನ ಗೋದಾಮುಗಳಲ್ಲಿ ಮೂಟೆ ಹೊರುತ್ತಿದ್ದಾನೆಂದು ಯಾರೋ ಹೇಳಿದ್ದು ಗುಣಪಾಲರ ಕಿವಿಗೆ ಬಿದ್ದಿತ್ತು.

ಸೋಮವಾರ ಹತ್ತು ಗಂಟೆಗೆ ಉಪ್ಪಿನಕಾಯಿ ಭರಣಿಗೆ ಒರಗಿಸಿಟ್ಟ ಫೋನಿನಲ್ಲಿ ಮೊದಲು ಒಂದು ಗಲ್ಲ, ಆಮೇಲೆ ಒಂದು ಮೂಗು, ಕೊನೆಗೆ ಇಡೀ ಮುಖ ಬಂತು. ತಲೆಯಲ್ಲಿ ಕೂದಲಿರಲಿಲ್ಲ. ಕಣ್ಣು ಮಾತ್ರ ಹಾಗೆಯೇ ಇತ್ತು.

"ಎಂತ ಟೈಮ್ ಕೀಪರ್ರೇ, ನಾನು ಲೇಟಾ?" ಎಂದು ಆ ಮುಖ ತುಳುವಿನಲ್ಲಿ ಕೇಳಿತು.

"ಇಲ್ಲ ತುಕ್ರಣ್ಣ. ಸರಿಯಾದ ಸಮಯಕ್ಕೆ ಬಂದಿದ್ದೀರಿ." ಕಾರ್ಖಾನೆಯಲ್ಲಿ ಬರೀ ತುಕ್ರ ಎಂದು ಕರೆಯುತ್ತಿದ್ದವರ ಬಾಯಿಯಿಂದ ಅಣ್ಣ ಎಂಬುದು ತಾನಾಗಿ ಬಂತು.

"ಹಾಗಾದ್ರೆ ಬರೀರಿ. ನಿಮ್ಮ ಪೆನ್ನಿನಲ್ಲಿ ಶಾಯಿ ಉಂಟಲ್ಲ?"

ತುಕ್ರಣ್ಣನಿಗೆ ಎಪ್ಪತ್ತೊಂದು. ಕಿನ್ನಿ ಹೋಗಿ ನಾಲ್ಕು ವರ್ಷ. ಅಂದು ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಮುಖೇಶ್ ಈಗ ಬಹರೈನ್‌ನಲ್ಲಿದ್ದ. ಸೊಸೆ ಅನುಷ್ಕಾ ಮೊಮ್ಮಗಳು ಪ್ರಾಪ್ತಿಯನ್ನು ಶಾಲೆಗೆ ಬಿಟ್ಟು ಒಂದು ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯೂ ಸಂಜೆಯವರೆಗೆ ಮಾತಿಲ್ಲದ ಮನೆ.

ಲೆಕ್ಕ ತುಳುವಿನಲ್ಲೇ ಆಗಬೇಕೆಂದು ತುಕ್ರಣ್ಣ ಹಟ ಹಿಡಿದರು. ಒಬ್ಬರು ಮಾಡುವಾಗ ಇನ್ನೊಬ್ಬರು ಎಣಿಸುವುದು. ಒಂಜಿ, ರಡ್ಡ್, ಮೂಜಿ ಎಂದು ಶುರುವಾದರೆ ಏಳಕ್ಕೆ ಬರುವಾಗ ಗುಣಪಾಲರ ಮೊಣಕಾಲು ನಡುಗುತ್ತಿತ್ತು. ಆಗ ತುಕ್ರಣ್ಣ ಬೇಕೆಂದೇ ಎಣಿಕೆ ನಿಲ್ಲಿಸಿ ಕೆಮ್ಮುತ್ತಿದ್ದರು.

"ಎಣಿಸಿ ಮಾರಾಯ್ರೆ, ನಾನು ಕುರ್ಚಿಯಿಂದ ಅರ್ಧ ಎದ್ದು ನಿಂತಿದ್ದೇನೆ."

"ಮೂವತ್ತು ವರ್ಷ ಕೂತವರಲ್ವಾ ನೀವು. ಸ್ವಲ್ಪ ನಿಲ್ಲಿ."

ಮೂರನೆಯ ವಾರಕ್ಕೆ ಗುಣಪಾಲರು ಒಂಬತ್ತೂವರೆಗೇ ಕ್ಷೌರ ಮಾಡಿ, ಅಂಗಿ ಬದಲಾಯಿಸಿ, ಭರಣಿಯ ಎದುರು ಕೂರುವ ಹಾಗಾದರು. ಅರ್ಧ ಗಂಟೆಯ ವ್ಯಾಯಾಮ ಮುಗಿದ ಮೇಲೆ ಇನ್ನರ್ಧ ಗಂಟೆ ಮಾತು. ಮೀನಿನ ರೇಟು, ಸೊಂಟನೋವು, ವಾಮಂಜೂರಿನ ಗದ್ದೆಯಲ್ಲಿ ಏಳುತ್ತಿರುವ ಕಾಲೇಜಿನ ನಾಲ್ಕನೆಯ ಮಹಡಿ. ಟಿವಿಗೆ ಉತ್ತರ ಕೊಡುವುದು ನಿಂತಿತು. ಆದರೆ ಒಂದು ಮಾತನ್ನು ಮಾತ್ರ ಗುಣಪಾಲರು ದಿನವೂ ನಾಳೆಗೆ ಇಟ್ಟುಕೊಳ್ಳುತ್ತಿದ್ದರು. ಅಶ್ರಫ್ ಬಂದು ಹೇಳಿದ್ದ, ಗೊತ್ತಿದ್ದೇ ನಾನು ಗೆರೆ ಎಳೆದೆ, ತಪ್ಪಾಯಿತು. ಅಷ್ಟು ಹೇಳಲು ಒಂದು ನಿಮಿಷ ಸಾಕು. ಸ್ನಾನ ಮಾಡುವಾಗ ಎಷ್ಟೋ ಸಲ ಹೇಳಿ ನೋಡಿದ್ದರು. ಫೋನಿನ ಎದುರು ಬಂದ ಮೇಲೆ, ಇಷ್ಟು ಚೆನ್ನಾಗಿ ನಡೆಯುತ್ತಿರುವುದನ್ನು ಇವತ್ತೇ ಕೆಡಿಸುವುದೇಕೆ ಎನ್ನಿಸುತ್ತಿತ್ತು.

ಏಳನೆಯ ವಾರದಲ್ಲಿ ಆ ವಿಷಯವನ್ನು ತುಕ್ರಣ್ಣನೇ ಎತ್ತಿದರು. ಇಬ್ಬರೂ ಮುಗಿಸಿ ನೀರು ಕುಡಿಯುತ್ತಿದ್ದರು.

"ಆ ಅಶ್ರಫ್ ನೆನಪುಂಟಾ ನಿಮಗೆ? ಲಾರಿಯವ. ಹೋದ ವರ್ಷ ತೀರಿಕೊಂಡ."

"ಹೌದಾ?" ಎಂದರು ಗುಣಪಾಲರು. ಲೋಟ ಕೈಯಲ್ಲೇ ಉಳಿಯಿತು.

"ಪಾಪ. ಕಿನ್ನಿ ಆಸ್ಪತ್ರೆಯಲ್ಲಿದ್ದಾಗ ಅವನ ಹತ್ರ ಹೇಳಿ ಕಳಿಸಿದ್ದೆ, ಟೈಮ್ ಆಫೀಸಲ್ಲಿ ಹೇಳು ಅಂತ. ಮರೆತಿರ್ಬೇಕು. ಮರೆತದ್ದೇ ಅಲ್ವಾ?"

ಸ್ಕ್ರೀನಿನಲ್ಲಿ ತುಕ್ರಣ್ಣ ನೇರವಾಗಿ ನೋಡುತ್ತಿದ್ದರು. ಎಷ್ಟು ಹೊತ್ತು ನೋಡಿದರು ಎಂದು ಗುಣಪಾಲರಿಗೆ ಇವತ್ತಿಗೂ ಹೇಳಲಾಗುವುದಿಲ್ಲ.

"ಇರ್ಬೇಕು," ಎಂದರು ಗುಣಪಾಲರು. "ತುಂಬಾ ವರ್ಷ ಆಯ್ತಲ್ಲ."

"ಆಯ್ತು," ಎಂದರು ತುಕ್ರಣ್ಣ. "ನಾಳೆ ಸರಿಯಾಗಿ ಎಣಿಸಿ. ಇವತ್ತು ಎಂಟನ್ನು ಎರಡು ಸಲ ಹೇಳಿದ್ದೀರಿ."

ಒಂಬತ್ತನೆಯ ವಾರ ತುಕ್ರಣ್ಣ ಎರಡು ದಿನ ಬರಲಿಲ್ಲ. ಕರೆ ಹೋಗುತ್ತಿತ್ತು, ಎತ್ತುವವರಿಲ್ಲ. ಗುಣಪಾಲರು ಹಾಳೆಯನ್ನು ಎದುರಿಗಿಟ್ಟುಕೊಂಡು ಯೋಚಿಸಿ ಎರಡೂ ಚೌಕಕ್ಕೆ ಗುರುತು ಹಾಕಿದರು. ಇಡೀ ಸರ್ವೀಸಿನಲ್ಲಿ ಅವರು ಬಾರದವನನ್ನು ಬಂದನೆಂದು ಒಮ್ಮೆಯೂ ಬರೆದವರಲ್ಲ. ಮೂರನೆಯ ದಿನ ತುಕ್ರಣ್ಣ ನಗುತ್ತಾ ಕಾಣಿಸಿಕೊಂಡರು. ಮೂಲ್ಕಿಯಲ್ಲಿ ತಂಗಿಯ ಮನೆಯ ಭೂತಕೋಲಕ್ಕೆ ಹೋಗಿದ್ದರಂತೆ, ಫೋನು ಮನೆಯಲ್ಲೇ ಚಾರ್ಜಿಗೆ ಉಳಿದಿತ್ತಂತೆ.

"ಚೌಕಕ್ಕೆ ಗುರುತು ಹಾಕಿದ್ದೇನೆ. ನಿಮ್ಮ ಹೆಸರು ಹೋಗ್ಬಾರದಲ್ಲ," ಎಂದರು ಗುಣಪಾಲರು.

ತುಕ್ರಣ್ಣ ಜೋರಾಗಿ ನಕ್ಕರು. "ಈ ಬುದ್ಧಿ ಆಗಲೇ ಬಂದಿದ್ರೆ ನಾನೂ ಸೂಪರ್‌ವೈಸರ್ ಆಗ್ತಿದ್ದೆ."

ಗುಣಪಾಲರೂ ನಕ್ಕರು. ಆಮೇಲೆ ಇಡೀ ದಿನ ಆ ಮಾತು ಗಂಟಲಿನಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನಂತೆ ಇತ್ತು. ನಾಳೆ ಖಂಡಿತ ಹೇಳಬೇಕು ಎಂದುಕೊಂಡರು.

ಹನ್ನೊಂದನೆಯ ವಾರದ ಸೋಮವಾರ ಕೈ ಎತ್ತುವಾಗ ತುಕ್ರಣ್ಣನ ಬಲಗೈ ಎಡಗೈಗಿಂತ ಒಂದು ಗೇಣು ಕೆಳಗೇ ನಿಂತಿತು.

"ಎಂತ ತುಕ್ರಣ್ಣ, ಅರ್ಧ ಕೈ ಎತ್ತಿದ್ರೆ ಅರ್ಧ ಹಾಜರಿಯೇ ಸಿಗುದು."

"ಮಲಗಿದ್ದು ಸರಿಯಾಗಲಿಲ್ಲ," ಎಂದು ತುಕ್ರಣ್ಣ ಎಡಗೈಯಿಂದ ಬಲಗೈಯನ್ನು ಮೇಲಕ್ಕೆ ದೂಡಿ ತೋರಿಸಿದರು. "ಈಗ ಪೂರ್ತಿ ಬರೀರಿ."

ಮಂಗಳವಾರ ಹತ್ತು ಗಂಟೆಗೆ ಕರೆ ಹೋಯಿತು, ಎತ್ತಲಿಲ್ಲ. ಹತ್ತೂಕಾಲಿಗೆ ಮತ್ತೊಮ್ಮೆ. ಹತ್ತೂವರೆಗೆ ಇನ್ನೊಮ್ಮೆ. ಎಲ್ಲಿಯೋ ಕೋಲವಿರಬೇಕು, ಫೋನು ಚಾರ್ಜಿಗೆ ಇರಬೇಕು ಎಂದುಕೊಂಡು ಗುಣಪಾಲರು ಗುರುತು ಹಾಕಿದರು. ಬುಧವಾರವೂ ಹಾಗೆಯೇ. ಗುರುವಾರ ಎತ್ತದೆ ಹೋದಾಗ ಗ್ರೂಪಿನಲ್ಲಿ ಅನುಷ್ಕಾಳ ನಂಬರು ಹುಡುಕಿ ತೆಗೆದರು. ಬೆರಳು ಅದರ ಮೇಲೆಯೇ ನಿಂತಿತು. ಕಂಡರಿಯದ ಮನೆಯ ಸೊಸೆ, ಕೆಲಸದ ಹೊತ್ತು, ಯಾರೆಂದು ಹೇಳುವುದು? ಅದಕ್ಕಿಂತ ದೊಡ್ಡ ಅಂಜಿಕೆ ಇನ್ನೊಂದಿತ್ತು. ಕೇಳಿದರೆ ವಿಷಯ ಜಾಯ್ಸ್‌ಗೆ ತಲುಪುತ್ತದೆ, ಮೂರು ದಿನದ ಗೈರು ಹೊರಬೀಳುತ್ತದೆ, ಆ ಮನುಷ್ಯನ ಹೆಸರು ತನ್ನ ಕೈಯಿಂದಲೇ ಎರಡನೆಯ ಸಲ ಹೋಗುತ್ತದೆ. ಹೇಳಬೇಕಾದ ಮಾತು ಇನ್ನೂ ಬಾಕಿ ಇದೆ. ಅವರು ಫೋನು ಕೆಳಗಿಟ್ಟು ಪೆನ್ನು ತೆಗೆದುಕೊಂಡರು. ಶುಕ್ರವಾರ ಕಳಿಸಿದ ಫೋಟೋದಲ್ಲಿ ಒಂದು ಚೌಕವೂ ಖಾಲಿ ಇರಲಿಲ್ಲ. ಜಾಯ್ಸ್ ಅದನ್ನು ಗ್ರೂಪಿಗೆ ಹಾಕಿ ಪಕ್ಕದಲ್ಲಿ ಒಂದು ನಕ್ಷತ್ರವನ್ನೂ ಇಟ್ಟಳು.

ಸೋಮವಾರ ಒಂಬತ್ತೂವರೆಗೆ ಗುಣಪಾಲರು ಕ್ಷೌರ ಮಾಡಿಕೊಳ್ಳುತ್ತಿರುವಾಗ ಜಾಯ್ಸ್‌ಳ ಕರೆ ಬಂತು.

"ಅಂಕಲ್, ತುಕ್ರ ಅಂಕಲ್ ನಿನ್ನೆ ಬೆಳಿಗ್ಗೆ ಬಚ್ಚಲಲ್ಲಿ ಬಿದ್ದಿದ್ದಾರೆ. ಸ್ಟ್ರೋಕ್. ಐಸಿಯುನಲ್ಲಿದ್ದಾರೆ. ಡಾಕ್ಟರ್ ಒಂದು ವಿಷಯ ಕೇಳ್ತಾ ಇದ್ದಾರೆ, ಅದಕ್ಕೆ ಮಾಡಿದೆ. ಗುರುವಾರ ನೀವಿಬ್ಬರೂ ಮಾಡುವಾಗ ಅವರ ಬಲಗೈ ಪೂರ್ತಿ ಮೇಲೆ ಹೋಗ್ತಾ ಇತ್ತಾ?"

ಕನ್ನಡಿಯಲ್ಲಿ ಅರ್ಧ ಮುಖಕ್ಕೆ ಸೋಪಿನ ನೊರೆ ಇತ್ತು.

"ಹೋಗ್ತಿತ್ತು," ಎಂದರು ಗುಣಪಾಲರು.

"ಮಾತು ತೊದಲ್ತಾ ಇತ್ತಾ?"

"ಇಲ್ಲ."

"ಸರಿ ಅಂಕಲ್. ನೀವು ಗಾಬರಿ ಆಗ್ಬೇಡಿ."

ಫೋನು ಇಟ್ಟ ಮೇಲೆ ಅವರು ಹಾಳೆ ತೆಗೆದು ನೋಡಿದರು. ಗುರುತುಗಳು ಬಹಳ ಅಂದವಾಗಿದ್ದವು. ಅವರ ಕೈಬರಹ ಯಾವಾಗಲೂ ಅಂದವೇ. ಮುಖದ ನೊರೆ ಒಣಗಿ ಬಿಗಿದುಕೊಂಡಿತು. ಗಡಿಯಾರ ಹನ್ನೊಂದು ತೋರಿಸುವಾಗ ಅವರು ಜಾಯ್ಸ್‌ಗೆ ತಿರುಗಿ ಕರೆ ಮಾಡಿದರು.

"ಅಮ್ಮ, ನಾನು ಹೇಳಿದ್ದು ಸುಳ್ಳು. ಮಂಗಳವಾರದಿಂದ ಅವರು ಬರಲೇ ಇಲ್ಲ. ಗುರುತು ನಾನೇ ಹಾಕಿದ್ದು. ಸೋಮವಾರವೇ ಕೈ ಏಳ್ತಾ ಇರ್ಲಿಲ್ಲ."

"ಎಂತಕ್ಕೆ ಅಂಕಲ್?" ಎಂದು ಜಾಯ್ಸ್ ಕೇಳಿದಳು. ಸ್ವರದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

"ಮೂರು ದಿನ ಬಾರದಿದ್ರೆ ಹೆಸರು ತೆಗೀತೀರಲ್ಲ."

"ಹೆಸರು ತೆಗೀಲಿಕ್ಕಾ? ಅಲ್ಲ ಅಂಕಲ್. ಮೂರು ದಿನ ಕಾಣದಿದ್ರೆ ನಾನು ಅವರ ಮನೆಗೆ ಹೋಗಿ ನೋಡ್ಲಿಕ್ಕೆ. ಅದಕ್ಕೆ ಅಲ್ವಾ ಆ ಚೌಕ ಇಟ್ಟದ್ದು. ಡಾಕ್ಟ್ರಿಗೆ ಈಗ ಹೇಳ್ತೇನೆ. ಇಡ್ತೇನೆ ಅಂಕಲ್."

ತುಕ್ರಣ್ಣ ಉಳಿದರು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಮೂರು ವಾರದ ಮೇಲೆ ಮನೆಗೆ ಬಂದರೆಂದು ತಿಳಿದಾಗ ಗುಣಪಾಲರು ಎರಡು ಬಸ್ಸು ಬದಲಾಯಿಸಿ ವಾಮಂಜೂರಿಗೆ ಹೋದರು. ರಿತೇಶ್ ಸ್ಕೂಟರಿನಲ್ಲಿ ಬಿಡುತ್ತೇನೆಂದ. ಬೇಡ ಎಂದರು.

ಬಾಗಿಲು ತೆರೆದದ್ದು ಅನುಷ್ಕಾ. ಕೆಲಸಕ್ಕೆ ರಜೆ ಹಾಕಿದ್ದಳು. ಗುಣಪಾಲರನ್ನು ವಾಟ್ಸಾಪ್ ಗ್ರೂಪಿನ ಫೋಟೋದಲ್ಲಿ ನೋಡಿದ್ದವಳು ಕೂಡಲೇ ಗುರುತಿಸಿ ಒಳಗೆ ಕರೆದಳು, ಚಾಕ್ಕೆ ನೀರಿಟ್ಟಳು, ಅಡುಗೆ ಮನೆಯ ಬಾಗಿಲಲ್ಲಿ ನಿಂತು ತಾನಾಗಿಯೇ ಹೇಳತೊಡಗಿದಳು.

"ಆ ವಾರ ಮಾವ ಎಡಗೈಯಲ್ಲಿ ಚಮಚ ಹಿಡಿದು ಗಂಜಿ ಕುಡಿತಾ ಇದ್ರು. ಎಂತ ಅಂತ ಕೇಳಿದ್ರೆ ಕೈ ನೋವು ಅಂದ್ರು. ವ್ಯಾಯಾಮ ಜಾಸ್ತಿ ಆಗಿರ್ಬೇಕು ಅಂತ ನಾನು ಎಣ್ಣೆ ಹಚ್ಚಿದೆ. ಆದ್ರೂ ಮನಸ್ಸಿಗೆ ಸಮಾಧಾನ ಇರ್ಲಿಲ್ಲ. ಶನಿವಾರ ಅರ್ಧ ದಿನ ರಜೆ ಕೇಳಿ ಡಾಕ್ಟ್ರ ಹತ್ರ ಹೋಗುವ ಅಂತ ಇದ್ದೆ. ಶುಕ್ರವಾರ ಸಂಜೆ ಗ್ರೂಪಲ್ಲಿ ಶೀಟ್ ಬಂತು. ನಾಲ್ಕೂ ದಿನ ಮಾಡಿದ್ದಾರೆ. ಅಷ್ಟು ಮಾಡ್ಲಿಕ್ಕೆ ಆಗ್ತದೆ ಅಂದ್ಮೇಲೆ ದೊಡ್ಡದೆಂತ ಇರ್ಲಿಕ್ಕಿಲ್ಲ ಅಂತ ಬಿಟ್ಟೆ."

ಜಾಯ್ಸ್ ಅವಳಿಗೆ ಹೇಳಿರಲಿಲ್ಲ. ಹೇಳುವುದು ಗುಣಪಾಲರ ಕೆಲಸವೆಂದು ಬಿಟ್ಟಿದ್ದಾಳೆ ಎಂಬುದು ಅವರಿಗೆ ಆಗ ತಿಳಿಯಿತು. ಅವರು ಕುರ್ಚಿಯಿಂದ ಎದ್ದು ನಿಂತರು. ಕೈಯೂರದೆ ಎದ್ದರು.

"ಆ ಗುರುತು ಸುಳ್ಳು ಮಗಳೇ. ಮೂರು ದಿನ ಅವರು ಫೋನೇ ಎತ್ಲಿಲ್ಲ. ನಾನು ಹಾಕಿದ್ದು."

ಅನುಷ್ಕಾ ಅವರ ಮುಖವನ್ನು ನೋಡಿದಳು. ಒಲೆಯ ಮೇಲೆ ಹಾಲು ಉಕ್ಕಿತು, ಅವಳು ಹೋಗಿ ಆರಿಸಿದಳು. ಬಟ್ಟೆ ತಂದು ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ ಚಾ ತಂದು ಅವರ ಮುಂದಿಟ್ಟಳು.

"ಪಕ್ಕದ ಮನೆಯ ವಿನಿಫ್ರೆಡ್ ಬಾಯಿ ಹೇಳ್ತಿದ್ರು. ಆ ಮೂರು ದಿನ ಹತ್ತು ಗಂಟೆಗೆ ಫೋನ್ ಹೊಡ್ಕೊಳ್ತಾ ಇತ್ತಂತೆ. ಮಾವ ಅದರ ಎದುರೇ ಕೂತಿದ್ದರಂತೆ. ಎತ್ಲಿಕ್ಕೆ ಬೆರಳು ಬರ್ಲಿಲ್ಲವೋ, ಕೈ ಹೀಗಾದದ್ದನ್ನು ನಿಮಗೆ ತೋರಿಸ್ಲಿಕ್ಕೆ ನಾಚಿಕೆಯೋ, ಗೊತ್ತಿಲ್ಲ. ಚಾ ಆರ್ತದೆ, ಕುಡೀರಿ," ಎಂದಳು. ಅವಳು ಮತ್ತೆ ಆ ಕೋಣೆಗೆ ಬರಲಿಲ್ಲ.

ತುಕ್ರಣ್ಣ ಕಿಟಕಿಯ ಹತ್ತಿರ ಕೈಯಿರುವ ಕುರ್ಚಿಯಲ್ಲಿ ಕೂತಿದ್ದರು. ಹೊರಗೆ ಗದ್ದೆ, ಅದರಾಚೆ ಬಣ್ಣ ಹೊಡೆಯದ ನಾಲ್ಕನೆಯ ಮಹಡಿ. ಫೋನಿನಲ್ಲಿ ಕಾಣುತ್ತಿದ್ದದ್ದಕ್ಕಿಂತ ಚಿಕ್ಕ ಮನುಷ್ಯ. ಗುಣಪಾಲರು ಸ್ಟೂಲು ಎಳೆದು ಎದುರಿಗೆ ಕೂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ತುಳುವಿನಲ್ಲಿ ಎಲ್ಲವನ್ನೂ ಹೇಳಿದರು. ಮೊದಲು ಈಗಿನ ಚೌಕದ್ದು. ಆಮೇಲೆ ಆಗಿನ ಗೆರೆಯದ್ದು. ಅಶ್ರಫ್ ಮರೆತಿರಲಿಲ್ಲ, ಮೊದಲನೆಯ ದಿನವೇ ಕಿಟಕಿಗೆ ಬಂದು ಹೇಳಿದ್ದ ಎಂಬುದನ್ನು ಎರಡು ಸಲ ಹೇಳಿದರು, ಒಂದು ಸಲ ಕೇಳಿಸದಿದ್ದರೆ ಎಂದು.

ತುಕ್ರಣ್ಣ ಕಿಟಕಿಯಿಂದ ಮುಖ ತಿರುಗಿಸಿ ಅವರನ್ನು ನೋಡಿದರು. ತುಟಿ ಒಂದು ಕಡೆಗೆ ಎಳೆಯಿತು. ನಗುವೋ ಏನೋ, ಆ ತುಟಿ ಈಗ ಯಾವಾಗಲೂ ಹಾಗೆಯೇ. ಆಮೇಲೆ ಎಡಗೈಯನ್ನು ಮೆಲ್ಲಗೆ ಎತ್ತಿ ಭುಜದ ಮೇಲಕ್ಕೆ ತಂದು ನಿಲ್ಲಿಸಿದರು. ಹಾಗೆಯೇ ಹಿಡಿದು ಕಾದರು.

ಗುಣಪಾಲರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಒಂಜಿ," ಎಂದರು. "ರಡ್ಡ್."

ಹತ್ತಕ್ಕೆ ಕೈ ಇಳಿಯಿತು.

ಈಗ ಗುಣಪಾಲರು ಬುಧವಾರ ವಾಮಂಜೂರಿಗೆ ಹೋಗುತ್ತಾರೆ. ಉಳಿದ ಮೂರು ದಿನ ಹತ್ತು ಗಂಟೆಗೆ ವಿನಿಫ್ರೆಡ್ ಬಾಯಿ ಬಂದು ಫೋನು ಹಚ್ಚಿ ಕೊಡುತ್ತಾರೆ. ಎಣಿಸುವವರು ಗುಣಪಾಲರೊಬ್ಬರೇ. ಕೈ ಎತ್ತದ ದಿನ ಅವರು ಚೌಕವನ್ನು ಖಾಲಿ ಬಿಟ್ಟು, ಶುಕ್ರವಾರದವರೆಗೆ ಕಾಯದೆ ಜಾಯ್ಸ್‌ಗೆ ತಿಳಿಸುತ್ತಾರೆ. ಅನುಷ್ಕಾ ಚಾ ಕೊಡುತ್ತಾಳೆ, ಹೆಚ್ಚು ಮಾತಾಡುವುದಿಲ್ಲ.

ಒಂದು ವಾರ ಮೊದಲೇ ಆಸ್ಪತ್ರೆಗೆ ಹೋಗಿದ್ದರೆ ತುಕ್ರಣ್ಣನ ಮಾತು ಉಳಿಯುತ್ತಿತ್ತೇ ಎಂದು ಗುಣಪಾಲರು ಡಾಕ್ಟರನ್ನು ಕೇಳಿದ್ದರು. ಹೇಳಲಿಕ್ಕೆ ಆಗುವುದಿಲ್ಲ ಎಂದರು ಅವರು. ಅಂದು ಅಶ್ರಫನ ಹೆಸರು ಎತ್ತಿ ಮರೆತದ್ದೇ ಅಲ್ವಾ ಎಂದು ಕೇಳಿದಾಗ ತುಕ್ರಣ್ಣನಿಗೆ ನಿಜ ಗೊತ್ತಿತ್ತೋ, ಗೊತ್ತಿದ್ದೂ ಗುಣಪಾಲರಿಗೆ ಹೇಳಲು ಒಂದು ದಾರಿ ಬಿಟ್ಟುಕೊಟ್ಟರೋ, ಅಥವಾ ಅಶ್ರಫ್ ಮರೆತನೆಂದೇ ಮೂವತ್ತಾರು ವರ್ಷ ನಂಬಿದ್ದರೋ, ಅದೂ ಗೊತ್ತಿಲ್ಲ. ಕಿಟಕಿಯ ಹತ್ತಿರ ಆ ಕೈ ಎದ್ದದ್ದು ಕ್ಷಮಿಸಿದ್ದಕ್ಕೋ ಅಥವಾ ವ್ಯಾಯಾಮದ ಹತ್ತು ಗಂಟೆಯಾಯಿತೆಂದೋ, ಅದನ್ನು ಹೇಳಬಲ್ಲವರು ಹೇಳುವ ಸ್ಥಿತಿಯಲ್ಲಿಲ್ಲ.